ಬಾಡಿಗೆ ಮನೆ ಮಾರಾಟವಾದರೆ...
(ಜುಮಾ ಖುತ್ಬಾದ ಸಾರಾಂಶ)

"ಮನೆ ಮಾರಿದ್ದೇವೆ, ಬೇಗ ಖಾಲಿ ಮಾಡಿ" ಎಂಬ ಮಾತು ಕೇಳಿ ಗಾಬರಿಯಾದ ಕುಟುಂಬಗಳು ಸಲಹೆ ಕೇಳಿಕೊಂಡು ಮಸೀದಿಗೆ ಬರುವುದುಂಟು. ಆದ್ದರಿಂದ ಕಳೆದ ಜುಮಾದಲ್ಲಿ ನಾವು ಈ ವಿಷಯವನ್ನೇ ಎತ್ತಿಕೊಂಡೆವು.

ಸಹೋದರರೇ, ಮನೆ ಮಾರಾಟವಾದ ಮಾತ್ರಕ್ಕೆ ಬಾಡಿಗೆ ಕರಾರು ಮುರಿದು ಬೀಳುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಮಿನಂತೆ ಕೊಂಡವರು ಹಳೆಯ ಮಾಲೀಕರ ಜಾಗದಲ್ಲಿ ಬಂದು ನಿಲ್ಲುತ್ತಾರೆ, ಅಷ್ಟೇ. ನಮ್ಮ ಫಿಕ್‌ಹ್ ಗ್ರಂಥಗಳ ನಿಲುವೂ ಇದಕ್ಕೆ ದೂರವಿಲ್ಲ. ಬಾಡಿಗೆದಾರ ಒಪ್ಪದಿದ್ದರೆ ಅವಧಿ ಮುಗಿಯುವವರೆಗೆ ಮಾರಾಟ ತಡೆದಿರುತ್ತದೆ ಎಂದು ಹನಫಿ ವಿದ್ವಾಂಸರು ಹೇಳಿದರೆ, ಮಾರಾಟ ಸಿಂಧು, ಆದರೆ ಬಾಡಿಗೆಯೂ ಉಳಿಯುತ್ತದೆ ಎಂಬುದು ಶಾಫಿಈಗಳ ಪ್ರಬಲ ಅಭಿಪ್ರಾಯ.

ಅವಧಿ ಬರೆಯದೆ ತಿಂಗಳ ಬಾಡಿಗೆಗೆ ಇರುವವರಿಗೆ ಲಿಖಿತವಾಗಿ 15 ದಿನಗಳ ನೋಟಿಸ್ ಕೊಡಬೇಕು. ಆಮೇಲೂ ಬಿಡಿಸಬೇಕಾದರೆ ಕೋರ್ಟಿಗೇ ಹೋಗಬೇಕು. ನೀರು, ಕರೆಂಟು ಕಡಿಯುವುದು, ಸಾಮಾನು ಹೊರಗೆಸೆಯುವುದು ಸಲ್ಲದು. ಬಲವಂತವಾಗಿ ಹೊರಹಾಕಿದರೆ ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನ ಮರಳಿ ಪಡೆಯಲು ಅವಕಾಶವಿದೆ.

ಹೆಚ್ಚಿನ ಜಗಳ ಅಡ್ವಾನ್ಸಿನದು. ಹಳೆಯವರು "ಹೊಸ ಮಾಲೀಕರನ್ನು ಕೇಳಿ" ಎನ್ನುತ್ತಾರೆ, ಹೊಸಬರು "ನಮ್ಮ ಕೈಗೆ ಒಂದು ರೂಪಾಯಿಯೂ ಬಂದಿಲ್ಲ" ಎನ್ನುತ್ತಾರೆ. ಅದೇ 109ನೇ ಕಲಮಿನಲ್ಲಿ ಇದಕ್ಕೂ ಉತ್ತರವಿದೆ: ಹೊಸಬರೇ ಹೊಣೆ ಎಂದು ನೀವು ಒಪ್ಪಿಕೊಳ್ಳುವವರೆಗೆ ಹಳೆಯ ಮಾಲೀಕರ ಹೊಣೆ ತಪ್ಪುವುದಿಲ್ಲ. ಆದ್ದರಿಂದ ಓದದೆ ಯಾವ ಕಾಗದಕ್ಕೂ ರುಜು ಹಾಕಬೇಡಿ. ಅಡ್ವಾನ್ಸ್ ತಮಗೆ ಬಂದಿದೆ ಎಂದು ಹೊಸ ಮಾಲೀಕರಿಂದ ಮೊತ್ತ ಸಮೇತ ಬರೆಸಿಕೊಂಡ ಮೇಲಷ್ಟೇ ಒಪ್ಪಿ. ಮಾರಾಟದ ಸುದ್ದಿಯೇ ತಿಳಿಯದೆ ಹಳೆಯವರಿಗೆ ಕೊಟ್ಟ ಬಾಡಿಗೆಯನ್ನು ಇನ್ನೊಮ್ಮೆ ಕೊಡಬೇಕಿಲ್ಲ.

ಲಕ್ಷಗಟ್ಟಲೆ ಕೊಟ್ಟು 'ಲೀಸ್' ಅಥವಾ ಭೋಗ್ಯಕ್ಕೆ ಇರುವವರ ಬಗ್ಗೆ ನಮಗೆ ಹೆಚ್ಚು ಚಿಂತೆ. (ಅದರಲ್ಲಿ ಬಡ್ಡಿಯ ಪ್ರಶ್ನೆಯೂ ಇದೆ, ಅದಕ್ಕೆ ಬೇರೆಯೇ ಖುತ್ಬಾ ಬೇಕು.) ಮಗಳ ಮದುವೆಗೆಂದು ಕೂಡಿಟ್ಟ ಹಣ ಎಷ್ಟೋ ಕಡೆ ಬರೀ ಛಾಪಾ ಕಾಗದದ ಮೇಲೆ ನಿಂತಿರುತ್ತದೆ. ಒಂದು ವರ್ಷ ಮೀರಿದ ಲೀಸ್‌ಗೆ ನೋಂದಣಿ ಕಡ್ಡಾಯ, ಭೋಗ್ಯದ ಅಡಮಾನಕ್ಕೂ ಹಾಗೆಯೇ. ನೋಂದಣಿ ಇಲ್ಲದಿದ್ದರೆ ಕರಾರಿನ ಷರತ್ತುಗಳನ್ನು ಕೋರ್ಟಿನಲ್ಲಿ ಸಾಧಿಸುವುದು ಕಷ್ಟ. ಹಣವನ್ನಾದರೂ ಬ್ಯಾಂಕ್ ಮೂಲಕವೇ ಕೊಡಿ.

ಇನ್ನು ಬಾಡಿಗೆದಾರರಿಗೂ ಒಂದು ಮಾತು. ಇಪ್ಪತ್ತು ವರ್ಷ ಇದ್ದೇವೆ, ನಮಗೇ ಮೊದಲು ಮಾರಬೇಕು ಎಂದು ಹಟ ಹಿಡಿಯುವವರಿದ್ದಾರೆ. ಕರಾರಿನಲ್ಲಿ ಬರೆದಿಲ್ಲದಿದ್ದರೆ ಅಂಥ ಹಕ್ಕಿಲ್ಲ. ಹನಫಿಗಳಲ್ಲಿ ಶುಫ್ಅ ಇರುವುದು ಪಾಲುದಾರರಿಗೆ, ನೆರೆಮನೆಯ ಮಾಲೀಕರಿಗೆ, ಬಾಡಿಗೆದಾರರಿಗಲ್ಲ. ಅವಧಿ ಮುಗಿದ ಮೇಲೂ ಖಾಲಿ ಮಾಡಲು ಹಣ ಕೇಳುವುದು ಅನ್ಯಾಯವೇ. ಮಾರುವವರೂ ಒಳಗೆ ಬಾಡಿಗೆದಾರರಿರುವುದನ್ನು ಕೊಳ್ಳುವವರಿಂದ ಮುಚ್ಚಿಡಬಾರದು.

ವಕೀಲರ ಶುಲ್ಕಕ್ಕೆ ಹೆದರಿ ಸುಮ್ಮನಾಗುವ ವಿಧವೆಯರು ನಮ್ಮಲ್ಲಿದ್ದಾರೆ. ತಾಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ, ಆದಾಯ ಎಷ್ಟೇ ಇದ್ದರೂ, ಉಚಿತ ವಕೀಲರ ನೆರವು ಸಿಗುತ್ತದೆ. ಹೋಗುವಾಗ ಕರಾರು ಪತ್ರ, ಬಾಡಿಗೆ ರಸೀದಿ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ.