ಸಂಜೆಯ ಚಾ ಬದಲು ಕಷಾಯ: ಒಂದು ತಿಂಗಳ ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿ ಮನೆಗಳಿಗೆ ಹೋದರೆ ಕುಳಿತ ಕೂಡಲೇ ಕೇಳುತ್ತಾರೆ: “ಆಸರಿಗೆ ಏನು? ಚಾ ಮಾಡಲೋ, ಕಷಾಯ ಮಾಡಲೋ?” ಉರ್ದು ಮಾತನಾಡುವ ನಮ್ಮ ಮನೆಯಲ್ಲಿ ಈ ಪ್ರಶ್ನೆ ಇಲ್ಲ, ಚಾ ಮಾತ್ರ. ಶೀತವಾದರೆ ದಾದಿ ಜೋಶಾಂದಾ ಕುದಿಸುತ್ತಾರೆ. ಕಷಾಯವನ್ನು ದಿನವೂ ಕುಡಿಯುವುದನ್ನು ನಾನು ನೋಡಿದ್ದು ಸಹಪಾಠಿಗಳ ಮನೆಗಳಲ್ಲಿ. ಕಳೆದ ಮಳೆಗಾಲದಲ್ಲಿ ಒಂದು ತಿಂಗಳು ಸಂಜೆಯ ಚಾ ಬಿಟ್ಟು ಕಷಾಯ ಕುಡಿದೆ. ಆಗ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಪುಡಿಯಲ್ಲಿ ಏನಿದೆ?

ಅಳತೆ ಮನೆಯಿಂದ ಮನೆಗೆ ಬೇರೆ. ಸಿದ್ದಾಪುರ ಕಡೆಯ ಸಹಪಾಠಿಯ ಆಯಿ ಹೇಳಿಕೊಟ್ಟದ್ದು ಹೀಗೆ: ಕೊತ್ತಂಬರಿ ಬೀಜ 100 ಗ್ರಾಂ, ಜೀರಿಗೆ 50 ಗ್ರಾಂ, ಸೋಂಪು 25 ಗ್ರಾಂ, ಕಾಳುಮೆಣಸು ಮತ್ತು ಒಣಶುಂಠಿ ತಲಾ 10 ಗ್ರಾಂ, ಮೆಂತ್ಯ 5 ಗ್ರಾಂ, ಎಂಟು ಹತ್ತು ಏಲಕ್ಕಿ. ಕೆಲವರು ಜಾಯಿಕಾಯಿ, ಜೇಷ್ಠಮಧು ಸೇರಿಸುತ್ತಾರೆ. ಸಣ್ಣ ಉರಿಯಲ್ಲಿ ಹುರಿದು, ತಣಿದ ಮೇಲೆ ಪುಡಿ ಮಾಡಿ ಬಿಗಿಯಾದ ಡಬ್ಬಿಯಲ್ಲಿ ಇಡಬೇಕು. ಪರಿಮಳದ ಎಣ್ಣೆ ಗಾಳಿಗೆ ಆರಿಹೋಗುವುದರಿಂದ ಒಮ್ಮೆಲೇ ಹೆಚ್ಚು ಮಾಡಿಡುವುದು ಬೇಡ.

ಪಟ್ಟಿ ಓದಿದಾಗ ದಾದಿ ನಕ್ಕರು. ಧನಿಯಾ, ಜೀರಾ, ಸೌಂಫ್, ಸೋಂಠ್ ಎಲ್ಲವೂ ಅವರ ಅಡುಗೆಮನೆಯಲ್ಲಿ ಇದ್ದವೇ. ಜೋಶಾಂದಾ ಎಂದರೆ ಪಾರ್ಸಿಯಲ್ಲಿ ಕುದಿಸಿದ್ದು ಎಂದರ್ಥ. ಅದರಲ್ಲಿ ಬನಫ್ಶಾ, ಉನ್ನಾಬ್ ಇರುತ್ತವೆ, ಜೊತೆಗೆ ಮುಲೇಠಿ. ಈ ಮುಲೇಠಿಯೇ ಕನ್ನಡದ ಜೇಷ್ಠಮಧು.

ಒಂದು ಲೋಟ ನೀರಿಗೆ ಒಂದು ಟೀ ಚಮಚ ಪುಡಿ, ರುಚಿಗೆ ಬೆಲ್ಲ ಹಾಕಿ ನಾಲ್ಕೈದು ನಿಮಿಷ ಕುದಿಸಿ. ನಮ್ಮ ಕಡೆಯ ಜೋನಿ ಬೆಲ್ಲವಾದರೆ ರುಚಿ ಇನ್ನೂ ಹೆಚ್ಚು. ಒಲೆ ಆರಿಸಿದ ಮೇಲೆ ಬಿಸಿ ಹಾಲು ಸೇರಿಸಿ ಸೋಸಿ. ಬೆಲ್ಲದ ಜೊತೆ ಕುದಿಸಿದರೆ ಹಾಲು ಒಡೆಯಬಹುದು.

ನನಗೆ ಆದದ್ದು

ರಾತ್ರಿ ಮಲಗಿದ ಕೂಡಲೇ ನಿದ್ದೆ ಬರತೊಡಗಿತು. ಇದರ ಶ್ರೇಯವನ್ನೆಲ್ಲ ಮಸಾಲೆಗೆ ಕೊಡುವಂತಿಲ್ಲ. ಕಷಾಯದಲ್ಲಿ ಚಾ ಪುಡಿ ಇಲ್ಲದ ಕಾರಣ ಕೆಫೀನ್ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿ ಲೀಟರ್ ಚಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ಸಂಜೆ ಎರಡು ಲೋಟ ಚಾ ಬಿಟ್ಟದ್ದೇ ನಿದ್ದೆಗೆ ಕಾರಣ ಇರಬಹುದು. ಆ ತಿಂಗಳು ಒಮ್ಮೆ ಶೀತವೂ ಬಂತು. ಕಷಾಯ ಅದನ್ನು ತಡೆಯಲಿಲ್ಲ, ಗಂಟಲಿಗೆ ಮಾತ್ರ ಹಿತವಾಗಿತ್ತು.

ಯಾರು ಎಚ್ಚರ ವಹಿಸಬೇಕು?

ಜೇಷ್ಠಮಧುವಿನಲ್ಲಿ ಗ್ಲಿಸಿರೈಜಿನ್ ಎಂಬ ಅಂಶವಿದೆ. ಹೆಚ್ಚು ಪ್ರಮಾಣದಲ್ಲಿ ದಿನವೂ ಸೇವಿಸಿದರೆ ಅದು ರಕ್ತದೊತ್ತಡ ಏರಿಸುತ್ತದೆ, ದೇಹದ ಪೊಟ್ಯಾಸಿಯಂ ಇಳಿಸುತ್ತದೆ. ದಾದಿ ಬಿಪಿ ಮಾತ್ರೆ ತೆಗೆದುಕೊಳ್ಳುವವರು. ಡಾಕ್ಟರರನ್ನು ಕೇಳಿದಾಗ ಅವರು ಮುಲೇಠಿ ಬೇಡ ಎಂದರು. ಈಗ ನಮ್ಮ ಮನೆಯ ಪುಡಿಗೆ ಅದನ್ನು ಹಾಕುವುದಿಲ್ಲ. ಬೆಲ್ಲವೂ ಸಕ್ಕರೆಯೇ. ಸಕ್ಕರೆ ಕಾಯಿಲೆ ಇದ್ದವರು ಬೆಲ್ಲ ಹಾಕದೆ ಕುಡಿಯುವುದು ಒಳ್ಳೆಯದು.

ಇನ್ನೊಂದು ಮಾತು ಜ್ವರದ ಬಗ್ಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಅನೇಕರಿಗೆ ಬಂತು. ಇದು ಕಾಡಿನ ಉಣುಗು ಕಚ್ಚುವುದರಿಂದ ಹರಡುತ್ತದೆ. ಬೇಸಿಗೆಯ ದಿನಗಳಲ್ಲಿ ಹಠಾತ್ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ “ಕಷಾಯ ಕುಡಿದು ಎರಡು ದಿನ ನೋಡೋಣ” ಎನ್ನಬಾರದು. ಸೊಪ್ಪು, ದರಕು ತರಲು ಕಾಡಿಗೆ ಹೋಗುವ ಮನೆಯವರಂತೂ ತಕ್ಷಣ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು.

ಪೊಟ್ಟಣ ಕೊಳ್ಳುವಾಗ

ಅಂಗಡಿಯಲ್ಲಿ ಸಿಗುವ ಪುಡಿಯಾದರೆ ಹಿಂಬದಿ ಓದಿ. ಆಹಾರವಾಗಿ ಮಾರುವ ಪೊಟ್ಟಣದ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇರಬೇಕು. ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಹಾಗಾಗಿ ಸಕ್ಕರೆ ಮೊದಲು ಬಂದಿದ್ದರೆ ನಾವು ಕೊಳ್ಳುತ್ತಿರುವುದು ಹೆಚ್ಚಾಗಿ ಸಕ್ಕರೆಯನ್ನೇ. ಆಹಾರ ಪದಾರ್ಥ ರೋಗ ಗುಣಪಡಿಸುತ್ತದೆ ಎಂದು ಹೇಳಿಕೊಳ್ಳಲು 2018ರ ನಿಯಮಗಳು ಬಿಡುವುದಿಲ್ಲ. ಮಧುಮೇಹ ವಾಸಿ ಮಾಡುತ್ತೇವೆ ಎಂಬ ಔಷಧಿ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಪೊಟ್ಟಣದ ಮೇಲೆ ಅಂಥ ಮಾತು ಕಂಡರೆ ಅಲ್ಲೇ ಬಿಟ್ಟು ಬನ್ನಿ.

ಕಾಮರ್ಸ್ ವಿದ್ಯಾರ್ಥಿಯಾಗಿ ಕೊನೆಗೆ ವೆಚ್ಚದ ಲೆಕ್ಕ. ಮೇಲಿನ ಅಳತೆಯಲ್ಲಿ ಸುಮಾರು 200 ಗ್ರಾಂ ಪುಡಿ ಆಗುತ್ತದೆ. ಟೀ ಚಮಚಕ್ಕೆ ಎರಡೂವರೆ ಗ್ರಾಂ ಎಂದರೂ 80 ಲೋಟ. ಸಾಮಗ್ರಿಯ ಒಟ್ಟು ಬೆಲೆಯನ್ನು 80ರಿಂದ ಭಾಗಿಸಿ, ಹಾಲು ಬೆಲ್ಲದ ಖರ್ಚು ಸೇರಿಸಿ, ನಿಮ್ಮ ಮನೆಯ ಚಾ ಖರ್ಚಿನ ಜೊತೆ ಹೋಲಿಸಿ ನೋಡಿ.

ಬೆಳಗಿನ ಚಾವನ್ನು ನಾನು ಬಿಟ್ಟಿಲ್ಲ, ಸಂಜೆಗೆ ಕಷಾಯವೇ ಉಳಿದಿದೆ. ಪರೀಕ್ಷೆಯ ದಿನಗಳಲ್ಲಿ ವಿಶೇಷ ತರಗತಿಗೆ ಸಂಜೆಯವರೆಗೆ ಕಾಲೇಜಿನಲ್ಲಿ ಇರುವವರು ಬಹಳ ಮಂದಿ. ಅವರಿಗಾಗಿ ನಮ್ಮ ಕ್ಯಾಂಟೀನಿನಲ್ಲಿ ಚಾ ಜೊತೆ ಒಂದು ಪಾತ್ರೆ ಕಷಾಯವನ್ನೂ ಇಡಬಹುದೇ ಎಂದು ಅಧ್ಯಾಪಕರಲ್ಲಿ ಕೇಳಿಕೊಳ್ಳುತ್ತೇನೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ