ವ್ಯಸನ ಮತ್ತು ಮನೋವ್ಯಾಧಿ: ಪರಸ್ಥಳದ ಕನ್ನಡ ಕುಟುಂಬಗಳಿಗೆ ನೆರವಿನ ದಾರಿಗಳು

ಉದ್ಯೋಗ ನಿಮಿತ್ತ ಹುಟ್ಟೂರನ್ನು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಕಾಯಿಲೆಗಳನ್ನು ಎದುರಿಸುವ ರೀತಿಯಲ್ಲಿ ಒಂದು ವೈಷಮ್ಯ ಎದ್ದು ಕಾಣುತ್ತದೆ. ಮನೆಯ ಯಜಮಾನನಿಗೆ ಕಾಮಾಲೆಯಾದರೆ ಅಥವಾ ಎದೆನೋವು ಬಂದರೆ ನೆರೆಮನೆಯವರಿಗೂ ಊರಿನಲ್ಲಿರುವ ಅಣ್ಣತಮ್ಮಂದಿರಿಗೂ ಒಡನೆಯೇ ಸುದ್ದಿ ಮುಟ್ಟುತ್ತದೆ. ಅದೇ ವ್ಯಕ್ತಿ ದಿನವೂ ಕುಡಿದು ಬರತೊಡಗಿದರೆ, ಅಥವಾ ಕಾಲೇಜಿಗೆ ಹೋಗುವ ಮಗಳು ಊಟ ನಿದ್ರೆಗಳನ್ನು ತೊರೆದು ವಾರಗಟ್ಟಲೆ ಕೋಣೆಯಲ್ಲಿಯೇ ಕುಳಿತರೆ, ಸುದ್ದಿಯು ಹೊಸ್ತಿಲನ್ನು ದಾಟುವುದಿಲ್ಲ. ಊರಿನವರಿಗೆ ತಿಳಿದರೆ ಮದುವೆಯ ಸಂಬಂಧಗಳು ತಪ್ಪಿಹೋದಾವು ಎಂಬ ಭಯ ಒಂದು ಕಡೆ. ಇಲ್ಲಿಯವರಿಗೆ ಹೇಳೋಣವೆಂದರೆ ಸಂತೆ ವ್ಯಾಪಾರಕ್ಕೆ ಸಾಕಾಗುವ ಪರಭಾಷೆ ಮನದಳಲನ್ನು ಹೇಳಲು ಸಾಲದು. ಎರಡೂ ಕಡೆ ಬಾಗಿಲು ಮುಚ್ಚಿದಂತಾಗಿ ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದುಹೋಗುತ್ತವೆ.

ಇದು ಕೆಲವೇ ಮನೆಗಳ ಪಾಡಲ್ಲ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ ವಯಸ್ಕರಲ್ಲಿ ನೂರಕ್ಕೆ ಸುಮಾರು 10.6 ಮಂದಿ ಯಾವುದಾದರೊಂದು ಮಾನಸಿಕ ತೊಂದರೆಗೆ ಒಳಗಾಗಿದ್ದರು. ಮದ್ಯಸೇವನೆಯಿಂದ ಪೀಡಿತರಾದವರಲ್ಲಿ ನೂರಕ್ಕೆ ಸುಮಾರು 86 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಔಷಧಗಳ ಅಭಾವಕ್ಕಿಂತ ನಾಚಿಕೆ, ತಪ್ಪು ತಿಳಿವಳಿಕೆ ಮತ್ತು ಎಲ್ಲಿ ವಿಚಾರಿಸಬೇಕೆಂಬುದು ಗೊತ್ತಿಲ್ಲದಿರುವುದು ಈ ಅಂತರಕ್ಕೆ ಹೆಚ್ಚು ಕಾರಣವೆನ್ನಬಹುದು.

ಆಣೆ ಪ್ರಮಾಣಗಳ ಮಿತಿ

ಕುಡಿತವನ್ನು ಬಿಡಿಸಲು ಕುಟುಂಬಗಳು ಮೊದಲು ಹಿಡಿಯುವ ದಾರಿ ಆಣೆ. ಕುಲದೇವರ ಮುಂದೆ, ಇಲ್ಲವೇ ಮಕ್ಕಳ ತಲೆ ಮುಟ್ಟಿಸಿ ಪ್ರಮಾಣ ಮಾಡಿಸಲಾಗುತ್ತದೆ. ಆ ಮನುಷ್ಯನೂ ಆ ಗಳಿಗೆಯಲ್ಲಿ ಪ್ರಾಮಾಣಿಕವಾಗಿಯೇ ಒಪ್ಪುತ್ತಾನೆ. ಆದರೆ ಬಹುಕಾಲ, ಬಹುಪ್ರಮಾಣದಲ್ಲಿ ಕುಡಿದ ಶರೀರವು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಅದನ್ನು ಥಟ್ಟನೆ ನಿಲ್ಲಿಸಿದಾಗ ಒಂದು ದಿನದೊಳಗಾಗಿ ಕೈನಡುಕ, ಬೆವರು, ಚಡಪಡಿಕೆ, ನಿದ್ರಾಹೀನತೆಗಳು ತೋರುತ್ತವೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಮೂರ್ಛೆರೋಗದಂತೆ ಸೆಳವು ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ಒಳಗೆ ಕೆಲವರು ಇಲ್ಲದ ಹುಳುಗಳನ್ನು ಗೋಡೆಯ ಮೇಲೆ ಕಾಣುತ್ತಾರೆ, ಮನೆಯವರ ಗುರುತನ್ನೇ ಮರೆಯುತ್ತಾರೆ. ಈ ಸ್ಥಿತಿಯಲ್ಲಿ ಚಿಕಿತ್ಸೆ ದೊರೆಯದಿದ್ದರೆ ಪ್ರಾಣಾಪಾಯವೂ ಉಂಟು. ದೇವರ ಶಾಪವೆಂದು ಭಾವಿಸಲಾಗುವ ಅನೇಕ ಪ್ರಸಂಗಗಳು ವಾಸ್ತವವಾಗಿ ಇದೇ ಆಗಿರುತ್ತವೆ. ಆದುದರಿಂದ ದೀರ್ಘಕಾಲದ ಕುಡುಕರು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಮದ್ಯವನ್ನು ಬಿಡತಕ್ಕದ್ದು. ಕ್ರಮೇಣ ಕಡಿಮೆ ಮಾಡುವ ಔಷಧ ಮತ್ತು ಥಯಾಮಿನ್ ಜೀವಸತ್ತ್ವದ ನೆರವಿನಿಂದ ಸಾಮಾನ್ಯವಾಗಿ ಒಂದು ವಾರದೊಳಗೆ ಈ ಘಟ್ಟವನ್ನು ಸುರಕ್ಷಿತವಾಗಿ ದಾಟಬಹುದಾಗಿದೆ.

ಎರಡನೆಯ ದಾರಿ ಇನ್ನೂ ಅಪಾಯಕರ. ಪತ್ರಿಕೆಯ ಜಾಹೀರಾತನ್ನು ನೋಡಿಯೋ, ಯಾರೋ ಹೇಳಿದರೆಂದೋ, ಪತ್ನಿಯು ಪತಿಗೆ ತಿಳಿಯದಂತೆ ಸಾರಿನಲ್ಲಿ ಪುಡಿ ಬೆರೆಸಿ ಕೊಡುವುದುಂಟು. ಡೈಸಲ್ಫಿರಾಮ್ ಎಂಬ ಔಷಧವು ಶರೀರದಲ್ಲಿರುವಾಗ ಮದ್ಯ ಸೇವಿಸಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ತಾನು ಈ ಔಷಧ ಸೇವಿಸುತ್ತಿದ್ದೇನೆಂದು ಬಲ್ಲವನು ಮದ್ಯದಿಂದ ದೂರವಿರುತ್ತಾನೆ. ಅರಿಯದವನು ಎಂದಿನಂತೆ ಕುಡಿದು ಅಪಾಯಕ್ಕೆ ಸಿಲುಕುತ್ತಾನೆ. ರೋಗಿಯ ಅರಿವು ಮತ್ತು ಒಪ್ಪಿಗೆ ಇಲ್ಲದೆ ಇದನ್ನು ಕೊಡಲಾಗದು. ಕಂಗೆಟ್ಟ ಗೃಹಿಣಿಯನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಆಕೆಗೆ ಬೇರೆ ದಾರಿಯನ್ನು ಯಾರೂ ತೋರಿಸಿರುವುದಿಲ್ಲ.

ವ್ಯಸನದ ಜೊತೆಯಲ್ಲಿ ಖಿನ್ನತೆ ಅಥವಾ ಆತಂಕ ಅಡಗಿರುವುದೂ ಅಪರೂಪವಲ್ಲ. ನಿದ್ರೆ ಬರಲೆಂದು ಕುಡಿಯಲಾರಂಭಿಸಿದವರಿಗೆ ಕುಡಿತದಿಂದಲೇ ನಿದ್ರೆ ಕೆಡುತ್ತದೆ. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ನಡೆಯಬೇಕಾಗುತ್ತದೆ. ಮನೋರೋಗಗಳ ಬಗ್ಗೆ ಕನ್ನಡದಲ್ಲಿ ತಿಳಿವಳಿಕೆಯ ಸಾಹಿತ್ಯಕ್ಕೆ ಕೊರತೆಯಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. 'ಕೊರವಂಜಿ'ಯ ಮೂಲಕ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಸಂದಿತ್ತು.

ಆಸ್ಪತ್ರೆಯ ಗೋಡೆಯ ಆಚೆಗೆ

ಮನೋರೋಗಿಯನ್ನು ಮನೆಯವರಿಂದ ಬೇರ್ಪಡಿಸಿ ಗೋಡೆಯೊಳಗಿಡುವುದೇ ಚಿಕಿತ್ಸೆಯೆಂಬ ಭಾವನೆ ಒಂದು ಕಾಲದಲ್ಲಿ ಪ್ರಬಲವಾಗಿತ್ತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಅವರು ಸೈನ್ಯದಿಂದ ಡೇರೆಗಳನ್ನು ತರಿಸಿ, ಆಸ್ಪತ್ರೆಯ ಆವರಣದಲ್ಲಿ ರೋಗಿಯ ಬಂಧುಗಳನ್ನೂ ಜೊತೆಗಿರಿಸಿದರು. ಬಂಧುಗಳು ರೋಗದ ಸ್ವರೂಪವನ್ನು ಕಣ್ಣಾರೆ ಕಂಡು, ಆರೈಕೆಯನ್ನು ಕಲಿತು, ಗುಣಮುಖನಾದ ರೋಗಿಯೊಡನೆ ಊರಿಗೆ ಮರಳಿದರು. ಡೇರೆಗಳಿಂದ ಆರಂಭವಾದ ಈ ಪದ್ಧತಿಯು ಮುಂದೆ ಬೇರೆ ಆಸ್ಪತ್ರೆಗಳಲ್ಲಿಯೂ ನೆಲೆಗೊಂಡಿತು.

ಕರ್ನಾಟಕದ ಪಾತ್ರವೂ ಇಲ್ಲಿ ಹಿರಿದು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ರೂಪುಗೊಂಡ ಬಳಿಕ, ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಪ್ರಯೋಗಕ್ಷೇತ್ರವಾಗಿ ಆರಿಸಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯನ್ನು ನೀಡಿತು. ಜ್ವರಕ್ಕೆ ಮಾತ್ರೆ ದೊರೆಯುವ ಕೇಂದ್ರದಲ್ಲಿಯೇ ಮನಸ್ಸಿನ ಕಾಯಿಲೆಗೂ ಮಾತ್ರೆ ದೊರೆಯುವಂತಾಯಿತು. ಈ ಬಳ್ಳಾರಿ ಮಾದರಿಯ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ರಾಷ್ಟ್ರಮಟ್ಟದಲ್ಲಿ ಆರಂಭಗೊಂಡಿತು. ಇಂದು ಪರರಾಜ್ಯದ ಜಿಲ್ಲಾ ಆಸ್ಪತ್ರೆಯೊಂದರ ಮನೋರೋಗ ವಿಭಾಗಕ್ಕೆ ಹೋಗುವ ಕನ್ನಡಿಗನು ಬಳ್ಳಾರಿಯ ಹಳ್ಳಿಗಳಲ್ಲಿ ಮೊದಲು ಪರೀಕ್ಷಿಸಲ್ಪಟ್ಟ ವ್ಯವಸ್ಥೆಯನ್ನೇ ಪಡೆಯುತ್ತಿರುತ್ತಾನೆ.

ವ್ಯಸನದ ವಿಷಯದಲ್ಲಿ ತಮಿಳುನಾಡಿನ ಮಂಜಕ್ಕುಡಿ ಗ್ರಾಮದ ಅನುಭವ ಗಮನಾರ್ಹವಾದುದು. 1980ರಲ್ಲಿ ಶಾಂತಿ ರಂಗನಾಥನ್ ಅವರು ಚೆನ್ನೈಯಲ್ಲಿ ಸ್ಥಾಪಿಸಿದ ಟಿ.ಟಿ. ರಂಗನಾಥನ್ ಪ್ರತಿಷ್ಠಾನವು 1989ರಿಂದ ಅಲ್ಲಿ 15 ದಿನಗಳ ಶಿಬಿರಗಳನ್ನು ನಡೆಸಿತು. ಆಸ್ಪತ್ರೆಯೇ ಹಳ್ಳಿಗೆ ಬಂದಿತೆನ್ನಬಹುದು. ಸ್ಥಳ ಹಾಗೂ ಇತರ ಅನುಕೂಲಗಳನ್ನು ಒದಗಿಸುವುದರಲ್ಲಿ ಊರಿನವರು ಭಾಗಿಗಳಾದರು. ಕುಡಿತ ಬಿಟ್ಟವನು ಶಿಬಿರದ ನಂತರ ತಿಂಗಳು ತಿಂಗಳೂ ಮತ್ತೆ ಬಂದು ಕಾಣುವ ಏರ್ಪಾಡಾಯಿತು. ಕರ್ನಾಟಕದಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದ 8 ದಿನಗಳ ಮದ್ಯವರ್ಜನ ಶಿಬಿರಗಳು ಕನ್ನಡ ಓದುಗರಿಗೆ ಪರಿಚಿತ. ಅಲ್ಲಿಯೂ ಶಿಬಿರ ಮುಗಿದ ಮೇಲೆ ನವಜೀವನ ಸಮಿತಿಗಳ ಮೂಲಕ ಸದಸ್ಯರು ಒಟ್ಟಿಗೆ ಸೇರುತ್ತಾರೆ.

ಇವೆಲ್ಲದರ ಒಳತಿರುಳು ಒಂದೇ. ಮದ್ಯವನ್ನು ನಿಲ್ಲಿಸುವುದು ಒಂದು ವಾರದ ಕೆಲಸ. ನಿಲ್ಲಿಸಿದ್ದನ್ನು ಉಳಿಸಿಕೊಳ್ಳುವುದು ವರ್ಷಗಳ ಕೆಲಸ. ಆಸ್ಪತ್ರೆಯಿಂದ ಮರಳಿದ ಮೊದಲ ಕೆಲವು ತಿಂಗಳುಗಳಲ್ಲಿ ಚಟವು ಮರುಕಳಿಸುವ ಸಂಭವ ಅತ್ಯಧಿಕ. ಸಂಬಳದ ದಿನ, ಹಬ್ಬದ ದಿನ, ಹಳೆಯ ಗೆಳೆಯ ಎದುರಾದ ದಿನ, ಮನೆಯಲ್ಲಿ ಮಾತಿಗೆ ಮಾತು ಬೆಳೆದ ದಿನ, ಇಂತಹ ದಿನಗಳಲ್ಲಿ ಜೊತೆಗೆ ಯಾರಿದ್ದಾರೆ ಎಂಬುದು ಮುಖ್ಯವಾಗುತ್ತದೆ. ಹುಟ್ಟೂರಿನಲ್ಲಿ ಈ ಕೆಲಸಕ್ಕೆ ಒಬ್ಬ ಸೋದರಮಾವನೋ ಬಾಲ್ಯದ ಸ್ನೇಹಿತನೋ ಇರುತ್ತಾನೆ. ಹೋಟೆಲಿನ ಮಾಳಿಗೆಯಲ್ಲಿ ಹತ್ತು ಜನರೊಡನೆ ಮಲಗುವ ನೌಕರನಿಗೆ, ಒಂಟಿ ಕೊಠಡಿಯ ಗುಮಾಸ್ತನಿಗೆ ಅಂಥವರನ್ನು ಹುಡುಕಿಕೊಳ್ಳಬೇಕಾಗುತ್ತದೆ.

ಅನುಭವಸ್ಥರ ಸಭೆ

ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗವು ಹುಟ್ಟಿದ್ದು ಈ ಅಗತ್ಯದಿಂದಲೇ. 1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಏಕ್ರನ್ ನಗರದಲ್ಲಿ ಕುಡಿತಕ್ಕೆ ಸಿಕ್ಕಿದ್ದ ಒಬ್ಬ ಷೇರು ವ್ಯವಹಾರಸ್ಥ ಮತ್ತು ಒಬ್ಬ ವೈದ್ಯ ಪರಸ್ಪರ ಮಾತನಾಡುತ್ತಾ, ಹಾಗೆ ಮಾತನಾಡುವುದರಿಂದಲೇ ಆ ದಿನ ಕುಡಿಯದೆ ಇರಬಹುದೆಂದು ಕಂಡುಕೊಂಡರು. ಇಂದು ಭಾರತದ ದೊಡ್ಡ ನಗರಗಳಲ್ಲೆಲ್ಲ ಈ ಬಳಗದ ಸಭೆಗಳು ಸೇರುತ್ತವೆ. ಸದಸ್ಯತ್ವಕ್ಕೆ ಕುಡಿತವನ್ನು ಬಿಡಬೇಕೆಂಬ ಬಯಕೆಯೊಂದೇ ಅರ್ಹತೆ. ಶುಲ್ಕವಿಲ್ಲ, ಪೂರ್ಣ ಹೆಸರು ಹೇಳಬೇಕಾಗಿಲ್ಲ, ಸಭೆಯಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಜನ್ಮಪೂರ್ತಿ ಕುಡಿಯುವುದಿಲ್ಲವೆಂಬ ಪ್ರತಿಜ್ಞೆಯನ್ನು ಅಲ್ಲಿ ಕೇಳುವುದಿಲ್ಲ. ಇಂದಿನ ಒಂದು ದಿನ ಕುಡಿಯದಿದ್ದರೆ ಸಾಕು. ಮುರಿದುಬಿದ್ದ ಆಣೆಗಳ ಭಾರವನ್ನು ಹೊತ್ತು ಬಂದವನಿಗೆ ಈ ಮಾತು ಎಷ್ಟು ಹಗುರವೆನಿಸೀತೆಂಬುದನ್ನು ಊಹಿಸಬಹುದು. ಸಭೆಯ ಭಾಷೆ ಆಯಾ ಬಡಾವಣೆಯ ಸದಸ್ಯರನ್ನು ಅವಲಂಬಿಸಿರುತ್ತದೆ. ಕುಡುಕರ ಪತ್ನಿಯರಿಗೂ ಬಂಧುಗಳಿಗೂ ಅಲ್-ಅನಾನ್ ಎಂಬ ಪ್ರತ್ಯೇಕ ಬಳಗವಿದೆ. ಪತಿಯು ಸಭೆಗೆ ಹೋಗಲೊಪ್ಪದಿದ್ದರೂ ಪತ್ನಿಯು ತನ್ನ ಸಭೆಗೆ ಹೋಗಬಹುದು.

ಪುಣೆಯ ಮುಕ್ತಾಂಗಣ ಕೇಂದ್ರದ್ದೂ ಇದೇ ನಂಬಿಕೆ. ಡಾ. ಸುನಂದಾ ಅವಚಟ್ ಮತ್ತು ಡಾ. ಅನಿಲ್ ಅವಚಟ್ ದಂಪತಿಗಳು, ಮರಾಠಿ ಸಾಹಿತಿ ಪು.ಲ. ದೇಶಪಾಂಡೆಯವರ ಧನಸಹಾಯದಿಂದ 1986ರಲ್ಲಿ ಆರಂಭಿಸಿದ ಈ ಸಂಸ್ಥೆಯಲ್ಲಿ ವ್ಯಸನದಿಂದ ಹೊರಬಂದವರೇ ಅನೇಕರು ಹೊಸಬರಿಗೆ ಸಲಹೆಗಾರರಾಗಿದ್ದಾರೆ. ಮುಂಬಯಿಯ ಬಾಂದ್ರಾದಲ್ಲಿ 1981ರಲ್ಲಿ ಆರಂಭವಾದ ಕೃಪಾ ಪ್ರತಿಷ್ಠಾನವೂ ಹೆಸರಾಂತ ಸಂಸ್ಥೆ. ಸ್ಕಿಜೋಫ್ರೇನಿಯಾದಂತಹ ತೀವ್ರ ಮನೋವ್ಯಾಧಿಗಳಿಗೆ ಚೆನ್ನೈಯಲ್ಲಿ ಡಾ. ಶಾರದಾ ಮೆನನ್ ಅವರು 1984ರಲ್ಲಿ ಸ್ಥಾಪಿಸಿದ ಸ್ಕಾರ್ಫ್ ಸಂಸ್ಥೆಯು ಚಿಕಿತ್ಸೆಯ ಜೊತೆಗೆ ಪುನರ್ವಸತಿಯನ್ನೂ ಕೈಗೊಂಡಿದೆ.

ವಿಚಾರಿಸಬೇಕಾದ ಸ್ಥಳಗಳು

ಭಾಷೆಯ ತೊಡಕಿಗೆ ಸುಲಭವಾದ ಪರಿಹಾರ ದೂರವಾಣಿ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ದೇಶದ ಎಲ್ಲಿಂದಲಾದರೂ, ಹಗಲು ರಾತ್ರಿಯೆನ್ನದೆ, ಉಚಿತವಾಗಿ ಕರೆ ಮಾಡಿ ತಮಗೆ ಬೇಕಾದ ಭಾಷೆಯನ್ನು ಆರಿಸಿಕೊಳ್ಳಬಹುದು. ಆ ಭಾಷೆಗಳಲ್ಲಿ ಕನ್ನಡವೂ ಸೇರಿದೆ. ಕರೆ ಮಾಡುವವರು ರೋಗಿಯೇ ಆಗಿರಬೇಕಾಗಿಲ್ಲ. ಮಾದಕ ವಸ್ತುಗಳ ವ್ಯಸನಕ್ಕೆ ಸಂಬಂಧಿಸಿದಂತೆ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ಸಹಾಯವಾಣಿ 14446. ಸಮೀಪದ ಚಿಕಿತ್ಸಾ ಕೇಂದ್ರದ ವಿವರವನ್ನು ಇಲ್ಲಿ ಕೇಳಬಹುದು. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮನೋರೋಗ ವಿಭಾಗಗಳಲ್ಲದೆ ಚೆನ್ನೈಯ ಕೀಳ್ಪಾಕ್ಕಂ ಮತ್ತು ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆರೋಗ್ಯ ಸಂಸ್ಥೆಗಳು, ದೆಹಲಿಯ ಇಹ್‌ಬಾಸ್, ದೆಹಲಿಗೆ ಸಮೀಪದ ಗಾಜಿಯಾಬಾದಿನಲ್ಲಿರುವ ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಸಾರ್ವಜನಿಕರಿಗೆ ತೆರೆದಿವೆ.

ಖಾಸಗಿ ಕೇಂದ್ರಕ್ಕೆ ಸೇರಿಸುವಾಗ ಎಚ್ಚರ ಅಗತ್ಯ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಿಂದ ಕಟ್ಟಲ್ಪಟ್ಟಿದ್ದ 25ಕ್ಕೂ ಹೆಚ್ಚು ಮನೋರೋಗಿಗಳು ಓಡಲಾಗದೆ ಪ್ರಾಣ ಕಳೆದುಕೊಂಡರು. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮ, 2017, ರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಈ ಅಧಿನಿಯಮದ ವ್ಯಾಖ್ಯೆಯೊಳಗೆ ಬರುತ್ತವೆ. ಕೇಂದ್ರವು ನೋಂದಣಿ ಹೊಂದಿದೆಯೇ, ವೈದ್ಯರು ಬರುತ್ತಾರೆಯೇ, ಮನೆಯವರು ಭೇಟಿ ಮಾಡಬಹುದೇ ಎಂದು ಕೇಳುವ ಹಕ್ಕು ಕುಟುಂಬಕ್ಕಿದೆ. ಉತ್ತರಿಸಲು ಹಿಂಜರಿಯುವ ಕೇಂದ್ರದಿಂದ ದೂರವಿರುವುದು ಲೇಸು. ರೋಗಿಯ ವಿವರಗಳನ್ನು ಗೋಪ್ಯವಾಗಿಡುವುದೂ ಕಾನೂನಿನ ಕಟ್ಟಳೆಯಾಗಿದೆ. ಊರಿನಲ್ಲಿ ತಿಳಿದೀತೆಂಬ ಅಳುಕಿನಿಂದ ಆಸ್ಪತ್ರೆಯನ್ನು ದೂರವಿಡಬೇಕಾಗಿಲ್ಲ.

ಪರಸ್ಥಳದ ಕನ್ನಡ ಸಂಘಗಳು ಈ ಕಾರ್ಯದಲ್ಲಿ ಮಾಡಬಹುದಾದುದು ಬಹಳಷ್ಟಿದೆ. ಮುಂಬಯಿಯಲ್ಲಿ ಹೋಟೆಲ್ ಕಾರ್ಮಿಕ ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದ ಪರಂಪರೆ ಹೊರನಾಡ ಕನ್ನಡಿಗರದು. ರಾಜ್ಯೋತ್ಸವದ ಸಭಾಂಗಣವು ವಾರದಲ್ಲಿ ಒಂದು ಸಂಜೆ ಸ್ವಸಹಾಯ ಸಭೆಗೆ ದೊರೆತರೆ, ಆಸ್ಪತ್ರೆಯಲ್ಲಿ ದುಭಾಷಿಯಾಗಿ ನಿಲ್ಲಲು ಇಬ್ಬರು ಸದಸ್ಯರು ಮುಂದೆ ಬಂದರೆ, ಅದಕ್ಕೆ ಹೆಚ್ಚಿನ ಖರ್ಚೇನೂ ತಗಲದು. ಹಾಗೆ ಮುಂದೆ ಬಂದವರು ಬಾಯಿ ಬಿಗಿಹಿಡಿಯಬಲ್ಲವರಾಗಿರಬೇಕು ಎಂಬುದೊಂದೇ ಕಠಿಣ ನಿಬಂಧನೆ.

ಮೊದಲ ಭೇಟಿಗೆ ಹೋಗುವಾಗ ಹಿಂದಿನ ಚೀಟಿಗಳು, ಸೇವಿಸುತ್ತಿರುವ ಮಾತ್ರೆಗಳು, ಎಷ್ಟು ವರ್ಷಗಳಿಂದ ಎಷ್ಟು ಕುಡಿತ ಎಂಬ ವಿವರ, ಹಿಂದೆ ಬಿಡಲು ಯತ್ನಿಸಿದಾಗ ಸೆಳವು ಬಂದಿತ್ತೇ ಎಂಬ ಮಾಹಿತಿ ಇವನ್ನು ಜೊತೆಗೊಯ್ಯಬೇಕು. ರೋಗಿಯು ಬರಲೊಪ್ಪದಿದ್ದಲ್ಲಿ ಮನೆಯವರು ತಾವಾಗಿಯೇ ಹೋಗಿ ವೈದ್ಯರ ಅಥವಾ ಆಪ್ತಸಲಹೆಗಾರರ ಸಲಹೆಯನ್ನು ಪಡೆಯಬಹುದಾಗಿದೆ. ರೋಗಿಯು ಸಾಯುವ ಮಾತನ್ನಾಡುತ್ತಿದ್ದರೆ ಮಾತ್ರ ಕಾಯತಕ್ಕದ್ದಲ್ಲ. ಅವನನ್ನು ಒಂಟಿಯಾಗಿ ಬಿಡದೆ, ಅಂದೇ 14416ಕ್ಕೆ ಕರೆ ಮಾಡಬೇಕು ಅಥವಾ ಸಮೀಪದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು.