ನಿಮಗಿದು ಗೊತ್ತೇ? ರಜೆಗೆ ಹೋದಲ್ಲಿಗೇ ಬಂದ ನೀರು, ಗಾಳಿ!

ಹರಿಹರ ಹತ್ತಿರದ ಕೊಂಡಜ್ಜಿ ಕೆರೆ ದಂಡೆಯಲ್ಲಿ ಬುತ್ತಿ ಬಿಚ್ಚಿ ಕೂತವರಿಗೆ ಚಂಡಮಾರುತವೆಂದರೆ ಟಿ.ವಿ.ಯಲ್ಲಿ ನೋಡುವ ಸುದ್ದಿ, ಅಷ್ಟೆ. ಕಡಲು ನೇರ ಗೆರೆ ಎಳೆದು ಅಳೆದರೂ ನೂರೈವತ್ತು ಕಿಲೋಮೀಟರಿಗಿಂತ ಆಚೆಗಿದೆ. ಆದರೆ ರಿಸಾರ್ಟಿಗೆ ಹೋದ ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ತರಬೇಕಾದ ಪ್ರಸಂಗ ನಮ್ಮ ರಾಜ್ಯದಲ್ಲೇ ನಡೆದಿದೆ. ಅದಕ್ಕೆ ಕಾರಣ ಕಡಲಲ್ಲ. ನಿಮ್ಮ ಮಗ್ಗುಲಿನ ಹರಿಹರದ ಹೊಳೆ! ನಂಬಿಕೆ ಬರಲಿಲ್ಲವೇ? ಮುಂದೆ ಓದಿ.

ಹರಿಹರದ ಸೇತುವೆ ಮೇಲೆ ನಿಂತು ನೀವು ನೋಡುವ ಕೆಂಪು ನೀರು ಎಲ್ಲಿಗೆ ಹೋಗುತ್ತದೆ ಗೊತ್ತೇ? ಹೊಸಪೇಟೆಯ ತುಂಗಭದ್ರಾ ಜಲಾಶಯಕ್ಕೆ. ಅಲ್ಲಿಂದ ಸೀದಾ ಹಂಪಿಗೆ! ಮಳೆ ಬೀಳುವುದು ಶೃಂಗೇರಿ, ಆಗುಂಬೆ, ಕುದುರೆಮುಖದ ಕಡೆ. ತುಂಗೆ, ಭದ್ರೆ ಕೂಡಲಿಯಲ್ಲಿ ಒಂದಾಗಿ, ತುಂಗಭದ್ರೆ ಎನಿಸಿಕೊಂಡು ಹೊನ್ನಾಳಿ, ಹರಿಹರ ದಾಟುತ್ತವೆ. ಹಂಪಿಯಲ್ಲಿ ಬಿಸಿಲು ಸುಡುತ್ತಿರುವಾಗಲೇ ಹೊಳೆ ಉಕ್ಕಿ ಬರಬಹುದು. ಒಂದು ಹನಿ ಮಳೆ ಬೀಳದ ಊರಿನಲ್ಲಿ ಪ್ರವಾಹ!

ತುಂಗೆಯನ್ನು ತಡೆಯುವ ಗಾಜನೂರು ಅಣೆಕಟ್ಟೆಯ ಹೊಟ್ಟೆ ಎಷ್ಟು ಚಿಕ್ಕದು ಗೊತ್ತೇ? ಬರೀ 3.24 ಟಿಎಂಸಿ! ಭದ್ರಾ ಜಲಾಶಯದ್ದು 71 ಟಿಎಂಸಿಗೂ ಹೆಚ್ಚು. ಹಾಗಾಗಿ ಮುಂಗಾರು ಜೋರಾದರೆ ಗಾಜನೂರು ಬೇಗ ಭರ್ತಿ. ಆಮೇಲೆ ಬಂದದ್ದೆಲ್ಲ ಬಂದ ಹಾಗೇ ಕೆಳಕ್ಕೆ!

ಪೇಪರಿನಲ್ಲಿ 'ಎರಡು ಲಕ್ಷ ಕ್ಯೂಸೆಕ್ ನೀರು ಬಿಡುಗಡೆ' ಎಂದು ಓದಿ ಪುಟ ತಿರುಗಿಸುತ್ತೀರಲ್ಲವೇ? ಸ್ವಲ್ಪ ತಡೆಯಿರಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರಿಗಿಂತ ತುಸು ಹೆಚ್ಚು. ಎರಡು ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 56 ಲಕ್ಷ ಲೀಟರಿಗೂ ಮೇಲೆ! ಬೇಸಿಗೆಯಲ್ಲಿ ನಿಮ್ಮ ಓಣಿಗೆ ಬರುವ 12 ಸಾವಿರ ಲೀಟರಿನ ಟ್ಯಾಂಕರ್ ನೆನೆಸಿಕೊಳ್ಳಿ. ಅಂಥ 470 ಟ್ಯಾಂಕರುಗಳನ್ನು ಒಂದೇ ಸೆಕೆಂಡಿನಲ್ಲಿ ಸುರಿದ ಹಾಗೆ. ಮರು ಸೆಕೆಂಡಿಗೆ ಇನ್ನೂ 470!

ಈಗ ಹೆಲಿಕಾಪ್ಟರಿನ ಕಥೆ. ಹಂಪಿಯ ವಿರೂಪಾಕ್ಷ ಗುಡಿಯ ಎದುರು ದಡದಲ್ಲಿ ವಿರೂಪಾಪುರ ಗಡ್ಡೆ ಇದೆ. ಹೊಳೆ ಬಳಸಿಕೊಂಡು ಹರಿಯುವ ಜಾಗ. ಗದ್ದೆ, ಬಂಡೆಗುಡ್ಡ, ತೆಂಗು, ನಡುವೆ ಆಗ ಸಾಲುಸಾಲು ರಿಸಾರ್ಟು. ವಿದೇಶಿಯರಿಗಂತೂ ಅಚ್ಚುಮೆಚ್ಚಾಗಿತ್ತು. 2019ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದಿಂದ ಎರಡು ಲಕ್ಷ ಕ್ಯೂಸೆಕ್ ದಾಟಿ ನೀರು ಬಿಟ್ಟರು. ನೋಡನೋಡುತ್ತಿದ್ದಂತೆ ಗಡ್ಡೆಯ ದಾರಿ ಮುಳುಗಿತು. ನೂರಾರು ಪ್ರವಾಸಿಗರು, ಅವರಲ್ಲಿ ವಿದೇಶಿಯರೂ ಇದ್ದರು, ಅಲ್ಲೇ ಸಿಕ್ಕಿಬಿದ್ದರು! ಎನ್‌ಡಿಆರ್‌ಎಫ್ ಬೋಟು ಬಂತು. ವಾಯುಪಡೆಯ ಹೆಲಿಕಾಪ್ಟರ್ ಬಂತು. ವಾರಾಂತ್ಯಕ್ಕೆಂದು ಚೀಲ ಹೆಗಲಿಗೇರಿಸಿ ತೆಪ್ಪದಲ್ಲಿ ದಾಟಿದ ಹೊಳೆಯನ್ನು ಆಕಾಶಮಾರ್ಗದಲ್ಲಿ ಮರಳಿ ದಾಟುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು!

ಅಷ್ಟಕ್ಕೇ ಮುಗಿಯಲಿಲ್ಲ. ಜನರನ್ನು ಕರೆತರಲು ಹೋದ ರಕ್ಷಣಾ ಬೋಟೇ ಆ ಸೆಳವಿಗೆ ಮಗುಚಿತು! ಕಾಪಾಡಲು ಹೋದವರನ್ನೇ ಕಾಪಾಡಬೇಕಾಯಿತು. ಹೊಳೆಯಲ್ಲಿ ಕೊಚ್ಚಿಹೋದ ಅಷ್ಟೂ ಸಿಬ್ಬಂದಿ ಬದುಕಿ ಬಂದರು. ಆ ನೀರಿಗೆ ಬೋಟು ಇಳಿಸಿದ ಅವರ ಎದೆಗಾರಿಕೆಗೆ ಎಷ್ಟು ಕೈ ಮುಗಿದರೂ ಕಡಿಮೆಯೇ.

ಆ ರಿಸಾರ್ಟುಗಳು ಈಗ ಏನಾಗಿವೆ? ನೆಲಸಮ! ಆದರೆ ಕೆಡವಿದ್ದು ನೀರಲ್ಲ, ಜೆಸಿಬಿ. ವಿಶ್ವ ಪರಂಪರೆಯ ತಾಣದ ರಕ್ಷಿತ ಪ್ರದೇಶದಲ್ಲಿ ಅಕ್ರಮವಾಗಿ ಕಟ್ಟಿದ್ದೆಂದು ತೆರವಿಗೆ ಹೈಕೋರ್ಟ್ ಮೊದಲೇ ಹೇಳಿತ್ತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮಾರ್ಚಿನಲ್ಲಿ ಗಡ್ಡೆ ಬಟಾಬಯಲು!

ಹಂಪಿಯ ಪುರಂದರ ಮಂಟಪ ನೋಡಿದ್ದೀರಾ? ಹೊಳೆಯೊಳಗೇ ಕಾಲಿಟ್ಟು ನಿಂತ ಕಲ್ಲಿನ ಮಂಟಪ. ಜಲಾಶಯದ ಬಾಗಿಲು ತೆರೆದರೆ ಮೊದಲು ಮುಳುಗುವುದು ಇದೇ. ಕಂಬದ ಬುಡ, ಆಮೇಲೆ ನಡು, ಆಮೇಲೆ ಚಾವಣಿಯ ಅಂಚು ಮಾತ್ರ! ಎಷ್ಟು ಸಲ ಮುಳುಗಿದೆಯೋ ಲೆಕ್ಕವಿಲ್ಲ. ನೀರಿಳಿದ ಮೇಲೆ ನೋಡಿದರೆ ಕಂಬಗಳು ಇದ್ದಲ್ಲೇ ಇವೆ! ಆನೆಗೊಂದಿಯ ನವವೃಂದಾವನಕ್ಕೆ ಹೋಗಬೇಕೆಂದವರಿಗೂ ಆಗ ದಾರಿಯಿಲ್ಲ. ಒಂಬತ್ತು ಯತಿಗಳ ವೃಂದಾವನವಿರುವುದು ಹೊಳೆ ನಡುವಿನ ಗಡ್ಡೆಯಲ್ಲಿ!

ಹೊಳೆಗೆ ಹೆದರದ ಜಲಾಶಯವನ್ನು ಒಂದು ಸರಪಳಿ ನಡುಗಿಸಿದ್ದು ಗೊತ್ತೇ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ತುಂಡಾಯಿತು. ಗೇಟು ಕೊಚ್ಚಿಕೊಂಡು ಹೋಯಿತು! ಅಲ್ಲಿರುವುದು 33 ಗೇಟುಗಳು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಧೋ ಎಂದು ನುಗ್ಗುತ್ತಿರುವಾಗಲೇ, ಕ್ರೇನಿನಿಂದ ಉಕ್ಕಿನ ಅಡ್ಡತಟ್ಟೆಗಳನ್ನು ಇಳಿಸಿ ಒಂದೇ ವಾರದಲ್ಲಿ ಬಾಯಿ ಮುಚ್ಚಿದರು. ಹರಿಯುವ ನೀರಿನಲ್ಲೇ ಬಾಗಿಲು ಹಾಕಿದ ಸಾಹಸ!

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಗೆ ಅಮಾವಾಸ್ಯೆಗೆ ಹೋಗುವವರೂ ಹೊಳೆಯ ಈ ಆಟವನ್ನು ಬಲ್ಲರು. ಹೊಳೆ ತುಂಬಿದರೆ ಅಜ್ಜಯ್ಯನ ಸನ್ನಿಧಿಯ ಸ್ನಾನಘಟ್ಟ ಮುಳುಗುತ್ತದೆ, ದಂಡೆಯ ಅಂಗಡಿಗಳಿಗೆ ನೀರು ನುಗ್ಗುತ್ತದೆ. ಫತ್ತೇಪುರದ ಕಡೆಯ ರಸ್ತೆಯೂ ಕಾಣುವುದಿಲ್ಲ. ಕೈಯಲ್ಲಿ ಕಾಯಿ ಹಿಡಿದು ಬಂದ ಭಕ್ತರು ಬಂದ ದಾರಿಯಲ್ಲೇ ವಾಪಸು!

ಇನ್ನು ಕಡಲ ಕಡೆ ಬನ್ನಿ. 2022ರ ಮೇ ತಿಂಗಳಲ್ಲಿ ಮಲ್ಪೆಯಲ್ಲಿ ತೇಲುವ ಸೇತುವೆ ಉದ್ಘಾಟನೆಯಾಯಿತು. ಅಲೆಯ ಮೇಲೆ ನಡೆಯುವ ಖುಷಿಗೆ ಜನ ಮುಗಿಬಿದ್ದರು. ಕೆಲವೇ ದಿನದಲ್ಲಿ ಅದರ ಒಂದು ಭಾಗ ಕಿತ್ತುಹೋಯಿತು! ಆಗ ಅಸಾನಿ ಚಂಡಮಾರುತ ಸುತ್ತುತ್ತಿದ್ದದ್ದು ಅತ್ತ ಬಂಗಾಳ ಕೊಲ್ಲಿಯಲ್ಲಿ. ಇತ್ತ ಅರಬ್ಬಿ ಕಡಲೂ ಒರಟಾಗಿತ್ತು!

2019ರ ದೀಪಾವಳಿ ನೆನಪಿದೆಯೇ? ನಾವು ಪಟಾಕಿ ಹಚ್ಚುತ್ತಿದ್ದ ದಿನವೇ ಅರಬ್ಬಿ ಕಡಲಲ್ಲಿ 'ಕ್ಯಾರ್' ಮಹಾಚಂಡಮಾರುತವಾಗಿ ಬೆಳೆದಿತ್ತು. 2007ರ 'ಗೋನು' ನಂತರ ಆ ಕಡಲು ಅಂಥದ್ದನ್ನು ಕಂಡೇ ಇರಲಿಲ್ಲ. ಅದು ಅಡಗುವ ಮೊದಲೇ ಲಕ್ಷದ್ವೀಪದ ಬಳಿ 'ಮಹಾ' ಹುಟ್ಟಿತು. ಒಂದೇ ಕಡಲಲ್ಲಿ ಒಟ್ಟಿಗೆ ಎರಡು ಚಂಡಮಾರುತ!

ಡಿಸೆಂಬರ್ ಬಂತೆಂದರೆ ಶಾಲೆಗಳ ಪ್ರವಾಸದ ಸಡಗರ. ಮಳೆಗಾಲ ಮುಗಿಯಿತಲ್ಲ ಎಂಬ ಧೈರ್ಯ. ಆದರೆ 2024ರ 'ಫೆಂಗಲ್' ಪುದುಚೇರಿ ಬಳಿ ನೆಲಕ್ಕೆ ಬಂದು, ಬಲ ಕುಂದಿದರೂ ಕರ್ನಾಟಕವನ್ನು ಹಾದು ಅರಬ್ಬಿ ಕಡಲಿನತ್ತ ಸಾಗಿತು. ಡಿಸೆಂಬರಿನಲ್ಲಿ ಮಂಗಳೂರು, ಉಡುಪಿಯ ಮಕ್ಕಳಿಗೆ ಮಳೆ ರಜೆ!

ಈಗ ಏಳು ಕಡಲಾಚೆ ಹೋಗೋಣ. ಅಮೆರಿಕದ ಫ್ಲೋರಿಡಾದ ಒರ್ಲಾಂಡೊ ಬಳಿ ವಾಲ್ಟ್ ಡಿಸ್ನಿ ವರ್ಲ್ಡ್ ಇದೆ. 1971ರ ಅಕ್ಟೋಬರಿನಲ್ಲಿ ತೆರೆದದ್ದು. ಚಂಡಮಾರುತಕ್ಕೆ ಮೊದಲ ಸಲ ಬಾಗಿಲು ಹಾಕಿದ್ದು ಯಾವಾಗ ಹೇಳಿ? 1999ರಲ್ಲಿ, 'ಫ್ಲಾಯ್ಡ್' ಬಂದಾಗ. ಅಲ್ಲಿಯವರೆಗೆ 28 ವರ್ಷ ಗಾಳಿಗೆ ಜಗ್ಗಿರಲಿಲ್ಲ!

ಆದರೆ 2004ರಲ್ಲಿ ನೋಡಿ. ಆಗಸ್ಟಿನಲ್ಲಿ ಚಾರ್ಲಿ, ಸೆಪ್ಟೆಂಬರಿನಲ್ಲಿ ಫ್ರಾನ್ಸಿಸ್, ಹಿಂದೆಯೇ ಜೀನ್. ಆರೇಳು ವಾರದಲ್ಲಿ ಮೂರು ಸಲ ಬಂದ್! ಅದೇ ವರ್ಷ ಅಮೆರಿಕದ ಕನ್ನಡಿಗರು 'ಅಕ್ಕ' ಸಮ್ಮೇಳನಕ್ಕೆ ಆರಿಸಿಕೊಂಡಿದ್ದ ಊರು ಯಾವುದು ಗೊತ್ತೇ? ಒರ್ಲಾಂಡೊ!

ಚಂಡಮಾರುತ ಬಂದರೆ ಡಿಸ್ನಿಯಿಂದ ಎಲ್ಲರೂ ಓಡಿಹೋಗುತ್ತಾರೆ ಅಂದುಕೊಂಡಿರಾ? ಉಲ್ಟಾ! ಒರ್ಲಾಂಡೊ ಕಡಲಿನಿಂದ ಸಾಕಷ್ಟು ಒಳಗಿದೆ. ಹಾಗಾಗಿ ಕರಾವಳಿ ತೆರವು ಮಾಡಿ ಎಂಬ ಆದೇಶ ಬಂದರೆ ಜನ ಮಕ್ಕಳುಮರಿ ಕಟ್ಟಿಕೊಂಡು ಇಲ್ಲಿಗೇ ಬರುತ್ತಾರೆ. 2017ರಲ್ಲಿ 'ಇರ್ಮಾ' ಬಂದಾಗ ಫ್ಲೋರಿಡಾದಲ್ಲಿ ಸುಮಾರು 65 ಲಕ್ಷ ಜನರಿಗೆ ಮನೆ ಬಿಡಿ ಎಂದು ಹೇಳಲಾಯಿತು. ಆಟದ ಪಾರ್ಕು ಬಂದ್, ಹೋಟೆಲುಗಳು ಭರ್ತಿ!

ಹೊರಗೆ ಗಾಳಿ ಬೊಬ್ಬಿಡುವಾಗ ಕೋಣೆಯಲ್ಲಿ ಕೂತ ಮಕ್ಕಳ ಗತಿ? ಮಿಕ್ಕಿಯೇ ಅವರನ್ನು ಹುಡುಕಿಕೊಂಡು ಹೋಟೆಲಿನ ಮೊಗಸಾಲೆಗೆ ಬರುತ್ತಾನೆ! ಮೊದಲೇ ಪೊಟ್ಟಣ ಊಟ ಕೊಟ್ಟಿರುತ್ತಾರೆ. ಬಯಲಿನಲ್ಲಿ ಒಂದು ಕುರ್ಚಿ, ಒಂದು ಕಸದ ಡಬ್ಬಿಯನ್ನೂ ಬಿಡಿಯಾಗಿ ಬಿಡುವುದಿಲ್ಲ, ಕಟ್ಟಿಹಾಕುತ್ತಾರೆ. ಗಾಳಿ ಮುಗಿಯುವವರೆಗೆ ಅಲ್ಲೇ ಉಳಿದು ಕಾಯಲು ನೌಕರರ ಪ್ರತ್ಯೇಕ ತಂಡವೇ ಇದೆ!

ಗಾಳಿ ಬಂದರೆ ಸಿಂಡ್ರೆಲಾ ಕೋಟೆಯನ್ನು ಕಳಚಿ ಒಳಗಿಡುತ್ತಾರೆ ಎಂಬ ಸುದ್ದಿ ನಿಮ್ಮ ಕಿವಿಗೂ ಬಿದ್ದಿರಬಹುದು. ಶುದ್ಧ ಸುಳ್ಳು! 189 ಅಡಿ ಎತ್ತರದ ಆ ಕೋಟೆಯ ಒಳಗಿರುವುದು ಉಕ್ಕು, ಕಾಂಕ್ರೀಟು. ನಿಂತಲ್ಲೇ ಗಾಳಿ ಎದುರಿಸುತ್ತದೆ. ಕೋಟೆಯ ಹಾಗೆ ಕಾಣುವ ಅದರಲ್ಲಿ ಒಂದು ಇಟ್ಟಿಗೆಯೂ ಇಲ್ಲ!

ಡಿಸ್ನಿಯಲ್ಲಿ ಮೊದಲು ಖಾಲಿ ಮಾಡಿಸುವುದು ಯಾವ ಜಾಗ? ಮರಗಳ ನಡುವಿನ ಡೇರೆ ಬಯಲು! 2024ರಲ್ಲಿ 'ಮಿಲ್ಟನ್' ಬಂದಾಗಲೂ ಫೋರ್ಟ್ ವೈಲ್ಡರ್‌ನೆಸ್ ಎಂಬ ಕಾಡಿನ ಶಿಬಿರ ತೆರವಾಯಿತು. ಕೊಂಬೆ ಮುರಿದು ಬೀಳುವ ಭಯ. ಕೊಂಡಜ್ಜಿಯ ಸ್ಕೌಟ್ ಶಿಬಿರದಲ್ಲಿ ಡೇರೆ ಹೊಡೆದ ಮಕ್ಕಳನ್ನು ಕೇಳಿ ನೋಡಿ. ಒಣ ಕೊಂಬೆಯ ಕೆಳಗೆ ಬೇಡ, ತಗ್ಗಿನಲ್ಲಿ ಬೇಡ ಎಂದು ಥಟ್ಟನೆ ಹೇಳುತ್ತಾರೆ!

ಸ್ಕೌಟ್ ಮಕ್ಕಳು ಕಲಿಯುವ 'ಬೌಲೈನ್' ಗಂಟು ಇನ್ನೊಂದು ಅಚ್ಚರಿ. ಹಗ್ಗದಲ್ಲಿ ಸಣ್ಣ ಕುಣಿಕೆ ಮಾಡಿ, ತುದಿಯನ್ನು ಅದರೊಳಗಿಂದ ಮೇಲೆ ತಂದು, ಹಿಂದಿನ ಹಗ್ಗಕ್ಕೆ ಸುತ್ತಿಸಿ, ಮತ್ತೆ ಅದೇ ಕುಣಿಕೆಗೆ ಇಳಿಸಿ ಎಳೆದರೆ ಆಯಿತು. ಸರಿಯಾಗಿ ಹಾಕಿದರೆ ಎಷ್ಟು ಜಗ್ಗಿದರೂ ಉರುಳು ಬಿಗಿಯುವುದಿಲ್ಲ, ಜಾರುವುದೂ ಇಲ್ಲ. ನೀರಿನಲ್ಲಿರುವವನ ಎದೆಗೆ ಕಟ್ಟಿ ಎಳೆದರೂ ಉಸಿರು ಕಟ್ಟದು!

ಮಿಲ್ಟನ್ ಅಂದೆನಲ್ಲ, ಅದರ ಆತುರ ನೋಡಿ. ಒಂದೇ ದಿನದಲ್ಲಿ ಅದರ ಗಾಳಿಯ ವೇಗ ಗಂಟೆಗೆ ಸುಮಾರು 150 ಕಿ.ಮೀ.ನಷ್ಟು ಏರಿತು! ಬೆಳಿಗ್ಗೆ ಸಾಧಾರಣ, ಮರುದಿನ ಬೆಳಿಗ್ಗೆ ರಾಕ್ಷಸ.

ಮಯಾಮಿ ಮೃಗಾಲಯದ ಫ್ಲೆಮಿಂಗೊ ಹಕ್ಕಿಗಳು 1992ರ 'ಆಂಡ್ರ್ಯೂ' ಚಂಡಮಾರುತದಲ್ಲಿ ಉಳಿದದ್ದು ಎಲ್ಲಿ? ಶೌಚಾಲಯದಲ್ಲಿ! ಹತ್ತಿರವಿದ್ದ ಗಟ್ಟಿ ಗೋಡೆಯ ಕೋಣೆ ಅದು. ಗುಲಾಬಿ ಹಕ್ಕಿಗಳು ಕೈತೊಳೆಯುವ ಬೇಸಿನ್ನಿನ ಮುಂದೆ ಒತ್ತೊತ್ತಾಗಿ ನಿಂತ ಫೋಟೊ ಜಗತ್ತನ್ನೇ ಸುತ್ತಿತು!

ನ್ಯೂ ಆರ್ಲಿಯನ್ಸಿನ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕಿಗೆ ಅಷ್ಟು ಅದೃಷ್ಟ ಇರಲಿಲ್ಲ. 2005ರ ಆಗಸ್ಟಿನಲ್ಲಿ 'ಕತ್ರಿನಾ' ಬರುತ್ತದೆಂದು ಬಾಗಿಲಲ್ಲಿ 'ಬಿರುಗಾಳಿ ಕಾರಣ ಮುಚ್ಚಿದೆ' ಎಂಬ ಫಲಕ ಹಾಕಿದರು. ಪಾರ್ಕು ವಾರಗಟ್ಟಲೆ ನೀರಲ್ಲಿ ನಿಂತಿತು. ಆ ಬಾಗಿಲು ಮತ್ತೆ ತೆರೆಯಲೇ ಇಲ್ಲ. ಫಲಕ ಮಾತ್ರ ವರ್ಷಗಟ್ಟಲೆ ಅಲ್ಲೇ ಉಳಿಯಿತು! ಪಾಳುಬಿದ್ದ ಆ ಜಾಗದಲ್ಲೇ 'ಜುರಾಸಿಕ್ ವರ್ಲ್ಡ್' ಸಿನಿಮಾದ ಚಿತ್ರೀಕರಣ ನಡೆಯಿತು.

ಟಿಕೆಟಿನ ದುಡ್ಡು ಹೋಯಿತೇ ಎಂಬುದೇ ಎಲ್ಲರ ಚಿಂತೆ ಅಲ್ಲವೇ? ಡಿಸ್ನಿಯ ನಿಯಮ ಇದು: ನೀವು ಅಲ್ಲಿಗೆ ತಲುಪಬೇಕಾದ ದಿನಕ್ಕೆ ಏಳು ದಿನದೊಳಗೆ ಒರ್ಲಾಂಡೊಗೋ ನಿಮ್ಮ ಊರಿಗೋ ಚಂಡಮಾರುತದ ಎಚ್ಚರಿಕೆ ಬಂದರೆ, ಡಿಸ್ನಿಯಿಂದ ನೇರ ತೆಗೆದುಕೊಂಡ ಪ್ರವಾಸವನ್ನು ಅವರ ದಂಡವಿಲ್ಲದೆ ಮುಂದೂಡಬಹುದು, ಇಲ್ಲವೇ ರದ್ದು ಮಾಡಬಹುದು! ನಮ್ಮ ರಿಸಾರ್ಟು, ಹೋಂಸ್ಟೇಗಳೂ ಇಂಥದ್ದೊಂದು ನಿಯಮ ಬರೆದು ಗೋಡೆಗೆ ಹಚ್ಚಬೇಕು. ಕಟ್ಟಿದ ಮುಂಗಡ ಹೋಗುತ್ತದಲ್ಲ ಎಂಬ ಸಂಕಟಕ್ಕೇ ಎಷ್ಟೋ ಮಂದಿ ತುಂಬಿದ ಹೊಳೆಯತ್ತ ಹೊರಡುತ್ತಾರೆ.

ಹಾಗೆ ಹೊರಡುವುದನ್ನು ಆಡಳಿತವೇ ತಡೆದದ್ದೂ ಉಂಟು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ ಜಿಲ್ಲಾಡಳಿತ ಪ್ರವಾಸಿಗರು ಬರುವುದನ್ನೇ ನಿಲ್ಲಿಸಿತ್ತು. ಇಡೀ ಜಿಲ್ಲೆಯೇ ಪ್ರವಾಸಿಗರಿಗೆ ಬಂದ್!

ಕೊನೆಯದಾಗಿ ಎರಡು ಸಂಖ್ಯೆ. 1077 ಜಿಲ್ಲೆಯ ವಿಪತ್ತು ಸಹಾಯವಾಣಿ, 1070 ರಾಜ್ಯದ್ದು. ಮುಂದಿನ ಮಳೆಗಾಲದಲ್ಲಿ ಹಂಪಿಗೋ ಉಕ್ಕಡಗಾತ್ರಿಗೋ ಹೊರಡುವ ಮುನ್ನ ಇವನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಜಲಾಶಯದಿಂದ ಎಷ್ಟು ನೀರು ಬಿಟ್ಟಿದ್ದಾರೆಂದು ಬೆಳಗಿನ ಪೇಪರಿನಲ್ಲಿ ಒಮ್ಮೆ ನೋಡಿಯೇ ಬಸ್ಸು ಹತ್ತಿ!